ಆಚೆ ದಡದ ಕೂಗು

ಆಚೆ ದಡದಿಂದ ಹೊಳೆ ದಾಟಿ ಬಂದ ಸೀಳುನಾಯಿಗಳು ಕೆಂಚಿ ಎಂಬ ಜಿಂಕೆಯ ಹಿರಿಮಗಳನ್ನು ಅವಳ ಕಣ್ಣೆದುರಿಗೇ ಹರಿದು ತಿಂದವು. ನೆತ್ತರು ಮೆತ್ತಿದ ಗರಿಕೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಅವಳು ಹಿಂಡಿನ ಸಭೆಗೆ ಬಂದಳು.

"ಆ ಕಾಡಿನ ದೊರೆ ಹುಲಿರಾಯನೇ ಈ ನಾಯಿಗಳನ್ನು ಸಾಕುತ್ತಿದ್ದಾನೆ. ಅದು ಕೊಲೆಗಡುಕರನ್ನು ಸಾಕುವ ಕಾಡೆಂದು ಸಾರಿಬಿಡಿ. ಅಲ್ಲಿನವರ ಸಹವಾಸವೂ ಬೇಡ, ಅಲ್ಲಿನ ದನಿಗೆ ಯಾರೂ ಕಿವಿಗೊಡುವುದೂ ಬೇಡ," ಎಂದಳು.

ಹಿಂಡಿನ ಮುದಿ ಜಿಂಕೆ ಮೆಲ್ಲಗೆ ಹೇಳಿತು: "ತಾಯೀ, ಹುಲಿರಾಯನ ವಿಷಯ ದಿಟವೇ. ಅವನನ್ನು ಏನೆಂದು ಬೇಕಾದರೂ ಕರೆಯೋಣ. ಆದರೆ ನಾಯಿಗಳು ಹೊರಟಾಗ ಮರದ ತುದಿಯಿಂದ ಕೂಗಿ ನಮ್ಮನ್ನು ಎಚ್ಚರಿಸುವ ಕರಿಮೂತಿಯ ಕೋತಿ, ಆ ಮುಸುವನೂ ಅದೇ ಕಾಡಿನವನಲ್ಲವೇ? ಅವನ ಮರಿಗಳನ್ನೂ ಆ ನಾಯಿಗಳು ಬಿಟ್ಟಿಲ್ಲ."

"ಮಗಳನ್ನು ಕಳೆದುಕೊಂಡವಳು ನಾನು," ಎಂದಳು ಕೆಂಚಿ.

ಆ ಮಾತಿಗೆ ಒಪ್ಪಿ ಕೊಂಬುಗಳೆಲ್ಲ ಮೇಲೆದ್ದವು. ಕಾನೂನು ಆಯಿತು.

ಮುಂದೊಂದು ಬೆಳಗ್ಗೆ ಆಚೆ ದಡದಿಂದ ಮುಸುವನ ಕೂಗು ಕೇಳಿಸಿತು. ಕೆಂಚಿಯ ಕಿರಿಮಗ ಮೇಯುವುದನ್ನು ಬಿಟ್ಟು ಕಿವಿ ನಿಮಿರಿಸಿದ.

"ಅವ್ವಾ, ಓಡೋಣವೇ?"

ಕೆಂಚಿಯ ಕಾಲುಗಳೂ ಅದುರಿದವು. ಹುಟ್ಟಿದಾಗಿನಿಂದ ಆ ಕೂಗಿಗೆ ಓಡಿ ಉಳಿದ ಕಾಲುಗಳವು. ಆದರೂ ಅವಳು ಹಲ್ಲುಕಚ್ಚಿ, "ಅದು ಹಗೆಯ ಕಾಡಿನ ದನಿ. ಕೇಳಬೇಡ ಮಗಾ," ಎಂದಳು.

ಅವ್ವನ ಮಾತು ಮೀರಿದವನಲ್ಲ ಅವನು. ತಲೆ ತಗ್ಗಿಸಿ ಮತ್ತೆ ಮೇಯತೊಡಗಿದ.

ಮುಸುವ ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದ. ಈಚೆ ದಡದ ಜೊಂಡು ಅಲುಗಿ, ಒದ್ದೆ ಮೈಯ ನಾಯಿಗಳು ಹೊರಬಂದಾಗಲೂ ಅವನ ಕೂಗು ನಿಂತಿರಲಿಲ್ಲ.