ಒಲೆಗುಡ್ಡಕ್ಕೆ ಆ ಹೆಸರು ಬಂದದ್ದು

ನಮ್ಮ ಹಟ್ಟಿಯ ಪಡುವಣಕ್ಕೆ ಬೋಳುತಲೆಯ ಹಾಗೆ ಕೂತಿರುವ ಕಲ್ಲುಗುಡ್ಡಕ್ಕೆ ಒಲೆಗುಡ್ಡ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ಒಂದು ದೊಣೆ ಇದೆ. ಬಂಡೆಯ ಗುಂಡಿಯಲ್ಲಿ ಮಳೆನೀರು ನಿಂತು ಆದ ಕೊಳ. ನೀರು ಎಷ್ಟು ತಿಳಿಯೆಂದರೆ, ಎರಡಾಳು ಆಳದಲ್ಲಿ ಬಿದ್ದ ಸೂಜಿಯೂ ಕಣ್ಣಿಗೆ ಕಾಣುತ್ತದೆ. ದೊಣೆಯ ಸುತ್ತ ಎದೆಮಟ್ಟದ ಕಲ್ಲುಗೋಡೆ, ಗೋಡೆಯ ಹೊರಗೆ ಮಸಿ ಹಿಡಿದ ಮೂರು ಒಲೆಗುಂಡು. ಗುಡ್ಡ ಹತ್ತಿ ಬಂದ ಪಟ್ಟಣದ ಹುಡುಗರು ಬಾಯಾರಿ ಗೋಡೆ ಹಾರಿ ಬೊಗಸೆ ಒಡ್ಡಲು ಹೋಗುತ್ತಾರೆ. ನಾನು ಕೋಲು ಎತ್ತುತ್ತೇನೆ. ಮುದುಕನಿಗೆ ಅರಳುಮರಳು ಎಂದು ಅವರು ನಗುತ್ತಾರೆ. ನಗಲಿ ಬಿಡಿ, ನಕ್ಕವರು ಯಾರೂ ಹೊಟ್ಟೆ ಹಿಡಿದುಕೊಂಡು ಇಳಿದಿಲ್ಲ, ನನಗೆ ಅಷ್ಟೇ ಸಾಕು. ಈ ಗೋಡೆ ಕಾಯುವುದು ನಮ್ಮ ಮನೆತನಕ್ಕೆ ಬಂದ ಕೆಲಸ. ಅದು ಮರ್ಯಾದೆಗೆ ಬಂದದ್ದಲ್ಲ, ತಪ್ಪಿಗೆ ಬಂದದ್ದು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೋ ಅದಕ್ಕೂ ಮೊದಲೋ ಹೇಳುವವರಿಲ್ಲ, ಇಲ್ಲಿ ನಲವತ್ತು ಮನೆಯ ಕುರುಬರ ಹಟ್ಟಿ ಇತ್ತು. ಕುಡಿಯಲು ಈ ದೊಣೆಯ ನೀರೇ. ದೊಣೆಯಲ್ಲಿ ಗಂಗವ್ವ ಇದ್ದಾಳೆಂದು ನಂಬಿದ್ದರು. ಕುರಿ ಈಯುವ ಕಾಲದಲ್ಲಿ ಭೇದಿ ಹತ್ತಿದ ಮರಿಗಳನ್ನು ಹೊತ್ತು ತಂದು ಈ ನೀರಿನಲ್ಲಿ ಮೀಯಿಸುತ್ತಿದ್ದರು. ಮಿಂದ ಮರಿಯನ್ನು ಗಂಗವ್ವ ಕಾಯುತ್ತಾಳೆ ಎಂಬುದು ಮಾತು. ಇನ್ನೊಂದು ಪದ್ಧತಿ ಬಾಣಂತಿಯರದು. ಹೆತ್ತವಳಿಗೆ ನಲವತ್ತು ದಿನ ಕಾಯಿಸಿದ ನೀರೇ ಹೊರತು ತಣ್ಣೀರು ಸೋಕಿಸುವಂತಿಲ್ಲ. ನಲವತ್ತೊಂದನೆಯ ದಿನ ಅವಳು ಕೂಸಿನೊಡನೆ ಗುಡ್ಡ ಹತ್ತಿ, ಗಂಗೆಪೂಜೆ ಮಾಡಿ, ದೊಣೆಯ ಹಸಿ ನೀರನ್ನು ತಾನೂ ಕುಡಿದು ಕೂಸಿನ ಬಾಯಿಗೂ, ಹಾಲೂಡಿಸುವ ಪುಟ್ಟ ಬಟ್ಟಲಿನಲ್ಲಿ, ಒಂದು ಒಳಲೆ ಹಾಕಬೇಕು. ಅಲ್ಲಿಗೆ ಕೂಸು ಹಟ್ಟಿಯದಾಯಿತು ಎಂದು ಲೆಕ್ಕ.

ಆ ವರ್ಷ ಮರಿಗಳಿಗೆ ಎಂದೂ ಕಾಣದ ಭೇದಿ ಹತ್ತಿತು. ಹಟ್ಟಿಯವರು ಒಂದಕ್ಕೆ ಹತ್ತು ಮರಿ ಮೀಯಿಸಿದರು. ಆಮೇಲೆ ಮನುಷ್ಯರ ಸರದಿ. ಹೊಟ್ಟೆ ನುಲಿತ, ಹುಳಿ ನಾತದ ಹಳದಿ ಭೇದಿ, ಉಂಡದ್ದು ಮೈಗೆ ಹತ್ತದೆ ದಿನದಿನಕ್ಕೆ ಸೊರಗು. ದೊಡ್ಡವರು ಹೇಗೋ ತಡೆದುಕೊಂಡರು, ಕೂಸುಗಳು ತಡೆಯಲಿಲ್ಲ. ಗಂಗೆಪೂಜೆಗೆ ಹೋಗಿಬಂದ ಕೂಸು ಹತ್ತು ದಿನದೊಳಗೆ ಕಣ್ಣು ಗುಳಿಬಿದ್ದು, ಅಳಲೂ ನೀರಿಲ್ಲದೆ ಒಣಗಿ ಹೋಗುತ್ತಿತ್ತು. ಒಂದು, ಎರಡು, ಐದಾಯಿತು. ಹಟ್ಟಿಗೆ ದಿಗಿಲು ಹೊಕ್ಕಿತು. ತೊಟ್ಟಿಲು ತೂಗುವ ಹಾಡು ನಿಂತುಹೋಯಿತು. ಹಾಡು ಕೇಳಿದರೆ ಗಂಗವ್ವನಿಗೆ ಕೂಸಿರುವುದು ಗೊತ್ತಾಗುತ್ತದೆಂದು ತಾಯಂದಿರು ಬಾಯಿಗೆ ಸೆರಗು ಅಡ್ಡ ಹಿಡಿದು ಲಾಲಿಸುತ್ತಿದ್ದರು. ಅವ್ವ ಮುನಿದಿದ್ದಾಳೆ, ಇನ್ನಷ್ಟು ಮರಿ ಮೀಯಿಸಿ ಎಂದ ಹಟ್ಟಿಯ ಯಜಮಾನ ಚಿತ್ತಯ್ಯ. ಈ ಚಿತ್ತಯ್ಯ ನಮ್ಮ ಮೂಲಪುರುಷ. ಕೆಟ್ಟವನಲ್ಲ, ಹೆದರಿದವನು. ಹೆದರಿದವನ ಕೈಗೆ ಯಜಮಾನಿಕೆ ಸಿಕ್ಕರೆ ಊರಿಗೇ ಕೇಡು.

ಆ ಐದು ಕೂಸುಗಳ ಹೊಕ್ಕುಳಬಳ್ಳಿ ಕೊಯ್ದವಳು ಸೂಲಗಿತ್ತಿ ಮಾಳಕ್ಕ. ಮಣ್ಣಿಗಿಟ್ಟವಳೂ ಅವಳೇ. ಅವಳ ಸೊಸೆ ರಂಗವ್ವ ಆಗ ಬಾಣಂತಿ. ಮೊಮ್ಮಗನ ಗಂಗೆಪೂಜೆಗೆ ಎಂಟು ದಿನ ಉಳಿದಿತ್ತು. ಮಾಳಕ್ಕನಿಗೆ ಅನ್ನ ಸೇರದಾಯಿತು. ಹೆದರಿಕೆಯಲ್ಲೇ ಅವಳು ಮನೆಮನೆ ತಿರುಗಿ ನೋಡಿದಳು. ಮನೆಯವರೆಲ್ಲ ಹೊಟ್ಟೆ ಹಿಡಿದು ಮಲಗಿದ್ದರೂ ಒಳಕೋಣೆಯ ಬಾಣಂತಿ ಒಬ್ಬಳು ನೆಟ್ಟಗಿದ್ದಳು, ಅವಳ ಮಡಿಲ ಕೂಸೂ ನೆಟ್ಟಗಿತ್ತು. ಬಾಣಂತಿ ಇದ್ದ ಎಲ್ಲ ಮನೆಯಲ್ಲೂ ಹೀಗೇ. ಗುಡ್ಡ ಹತ್ತಿದರೆ ಮರಿಗಳು ದೊಣೆಯೊಳಗೇ ಭೇದಿ ಮಾಡುತ್ತಿದ್ದವು, ಅದೇ ಹಳದಿ, ಅದೇ ಹುಳಿ ನಾತ. ಗಳಿಗೆ ಕಳೆದರೆ ನೀರು ಮತ್ತೆ ಕನ್ನಡಿ. ಕೊಳೆ ಕಂಡ ನೀರಿಗೆ ಹೆದರಬಹುದು, ಹೀಗೆ ನಗುವ ನೀರಿಗೆ ಯಾರು ಹೆದರುತ್ತಾರೆ?

ಪೂಜೆಯ ದಿನ ಅವಳು ಹೂವಿನ ಬದಲು ಸೌದೆಯ ಹೊರೆ ಹೊತ್ತು ಬಂದಳು. ಮೂರು ಕಲ್ಲು ಹೂಡಿ, ದೊಣೆಯಿಂದ ತುಂಬಿದ ಕೊಡದ ಅರ್ಧ ನೀರನ್ನು ಮಡಕೆಗೆ ಬಗ್ಗಿಸಿ ಉರಿ ಹಚ್ಚಿದಳು. ಚಿತ್ತಯ್ಯ ಅಡ್ಡ ಬಂದ.

“ಗಂಗವ್ವನ್ನ ಬೇಯಿಸ್ತೀಯೇನೇ? ಹಟ್ಟೀನೇ ಗುಡಿಸಿಹೋಗ್ತದೆ.”

“ನಲವತ್ತು ದಿನ ಒಳಕೋಣೇಲಿ ಕಾಯಿಸಿದ್ದೂ ಅವಳನ್ನೇ ಅಲ್ವಾ ಯಜಮಾನ? ಆಗ ಮುನೀಲಿಲ್ಲ, ಕೂಸ್ನ ಕಾಯ್ದಳು. ಇನ್ನೂ ಕಾಯ್ಲಿ ಬಿಡು.”

“ಹಸಿ ನೀರು ಕುಡೀದೆ ಪೂಜೆ ಮುಗಿಯಲ್ಲ. ಮನೆಯೋರು ಯಾರಾದ್ರೂ ಕುಡೀಲೇಬೇಕು. ಇಲ್ಲಾಂದ್ರೆ ಕೂಸು ಹಟ್ಟಿಗೆ ಸೇರಲ್ಲ, ಇವತ್ತೇ ಹೊರಗೆ ನಡೀರಿ.”

ಹಟ್ಟಿಯ ಹೊರಗೆ ಬೇಸಗೆಯ ಬಯಲು, ತೋಳ. ಎಳೆಕೂಸು ಎಲ್ಲಿಗೆ ಹೋದೀತು? ರಂಗವ್ವ ಕೊಡಕ್ಕೆ ಕೈ ಚಾಚಿದಳು. ಮಾಳಕ್ಕ ಆ ಕೈಯನ್ನು ತಟ್ಟಿ ಹಿಂದಕ್ಕೆ ಸರಿಸಿದಳು. “ನೀ ಕುಡಿದು ಬಿದ್ರೆ ಹಾಲು ಯಾರು ಕೊಡ್ತಾರೆ? ನಾನೂ ಮನೆಯೋಳೇ. ನಂದು ಹಣ್ಣೆಲೆ,” ಎಂದವಳೇ ಉಳಿದ ಅರ್ಧ ಕೊಡವನ್ನು ಎತ್ತಿ, ಎಲ್ಲರ ಕಣ್ಣೆದುರು, ಬುಡ ಕಾಣುವ ತನಕ ಕುಡಿದಳು. ಮಡಕೆಯ ನೀರು ಮೂರು ಸಲ ಉಕ್ಕಿ ಬಂದ ಮೇಲೆ ಇಳಿಸಿ, ಆರಿಸಿ, ಬೂದಿ ಹಚ್ಚಿ ಕೈ ತೊಳೆದುಕೊಂಡು ಮೊಮ್ಮಗನ ಬಾಯಿಗೆ ಒಂದು ಒಳಲೆ ಹಾಕಿದಳು. ನೀರು ಒಂದೇ ಕೊಡದ್ದು.

ಆರನೆಯ ದಿನ ಮಾಳಕ್ಕನಿಗೆ ಭೇದಿ ಹತ್ತಿತು. ಕೂಸನ್ನು ಹತ್ತಿರ ತರಬೇಡಿ, ನನ್ನ ಬಟ್ಟೆ ಹಿಂಡಿದ ಕೈಯಲ್ಲಿ ಅದನ್ನು ಮುಟ್ಟಬೇಡಿ ಎಂದು ಗದರುತ್ತಿದ್ದಳು. ಸೊಸೆ ಕಾಯಿಸಿದ ಗಂಜಿತಿಳಿಯನ್ನು ಉಪ್ಪು ಹಾಕಿ ಕುಡಿಸಿದಳು. ಮುದಿಜೀವ, ಹಿಡಿದು ನಿಲ್ಲಿಸಲಾಗಲಿಲ್ಲ. ಇಡೀ ಹಟ್ಟಿ ಅವಳ ಹಾಸಿಗೆಯನ್ನೂ ಕೂಸಿನ ತೊಟ್ಟಿಲನ್ನೂ ನೋಡುತ್ತ ಕಾದಿತು. ಹದಿನಾಲ್ಕನೆಯ ದಿನ ಮಾಳಕ್ಕ ಹೋದಳು. ಕೂಸು ತೊಟ್ಟಿಲಲ್ಲಿ ಕಾಲು ಒದೆಯುತ್ತಿತ್ತು. ಚಿತ್ತಯ್ಯ ಎದೆ ಬಡಿದುಕೊಂಡು ಅತ್ತ. ಮಾರನೆಯ ದಿನ ತಾನೇ ಸೌದೆ ಹೊತ್ತು ಗುಡ್ಡ ಹತ್ತಿದ, ಕುರಿಯ ಗೊರಸು ನೀರಿಗೆ ತಾಕದಂತೆ ಕಲ್ಲಿನ ಮೇಲೆ ಕಲ್ಲಿಟ್ಟು ಈ ಗೋಡೆ ಎಬ್ಬಿಸಿದ. ಅಂದಿನಿಂದ ಹಟ್ಟಿಯಲ್ಲಿ ಕಾಯಿಸದ ನೀರು ಯಾರೂ ಕುಡಿದಿಲ್ಲ ಎನ್ನುತ್ತಾರೆ.

ಇಂದಿಗೂ ಬಾಣಂತಿಯರು ಇಲ್ಲಿಗೆ ಹೂವಿನ ಜೊತೆ ಸೌದೆ ತರುತ್ತಾರೆ. ಮಸಿ ಹೊಸದಾಗಿ ಕಂಡರೆ ಯಾರದೋ ಮನೆಯಲ್ಲಿ ಕೂಸು ಹುಟ್ಟಿದೆ ಎಂದು ತಿಳಿಯಿರಿ. ಕೊಡದ ಅರ್ಧ ನೀರನ್ನು ಮೂರು ಸಲ ಉಕ್ಕಿಸಿ ಕೂಸಿಗೆ ಕೊಡುತ್ತಾರೆ. ಉಳಿದರ್ಧವನ್ನು ಒಲೆಗುಂಡಿನ ಬುಡಕ್ಕೆ ಸುರಿಯುತ್ತಾರೆ, ಅಲ್ಲಿ ಯಾವಾಗಲೂ ಒಂದಿಷ್ಟು ಹಸಿ ಮಣ್ಣು ಕಾಣುತ್ತದೆ. ನೀವು ಬಂದರೆ, ಬಾಯಾರಿದ್ದರೆ, ನನ್ನ ಹತ್ತಿರ ಕಾಯಿಸಿ ಆರಿಸಿದ ನೀರು ತಂಬಿಗೆಯಲ್ಲಿರುತ್ತದೆ, ಕೇಳಿ. ದೊಣೆಗೆ ಮಾತ್ರ ಕೈ ಚಾಚಬೇಡಿ. ನಮ್ಮೆಲ್ಲರ ಪಾಲಿನ ಹಸಿ ನೀರನ್ನು ಮಾಳಕ್ಕ ಆಗಲೇ ಕುಡಿದಿದ್ದಾಳೆ.