ಮಾಳಿಂಗ ಹಾರ್ನು ರಿಪೇರಿ ಮಾಡಿದ್ದು

ಎಲಡಿಕೆ ಹಾಕ್ಕೊಂಡೋರು ಮೊದಲು ಉಗುಳಿ ಬಂದು ಕೂತ್ಕೊಳ್ರಪ್ಪ. ಆಮೇಲೆ ನಗು ತಡೀಲಾರದೆ ನನ್ನ ಸೀರೆ ಮೇಲೆ ಉಗುಳಿದ್ರೆ ಕತೆ ಅಲ್ಲಿಗೇ ನಿಲ್ಲಿಸ್ಬಿಡ್ತೀನಿ, ಹೇಳಿದೀನಿ.

ಒಬ್ಬಳು ಕೆಂಚಮ್ಮ. ಅವಳಿಗೊಬ್ಬ ಮಗ, ಮಾಳಿಂಗ. ಆಳು ತೆಂಗಿನ ಮರದ ಹಂಗೆ ಬೆಳೆದಿದ್ದ, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಬಿಟ್ಟು ಬಂದಿದ್ದ. ಹೇಳಿದ್ದು ಮಾಡ್ತಾನೆ, ಹೇಳಿದಷ್ಟೇ ಮಾಡ್ತಾನೆ. "ಇವನನ್ನ ಹೆತ್ತ ಹೊಟ್ಟೆಗೆ ಏನಂತ ಹೇಳ್ಲಿ ನಾನು!" ಅಂತ ಕೆಂಚಮ್ಮ ದಿನಾ ಹಣೆ ಚಚ್ಕೊಳ್ಳೋಳು.

ಸತ್ತ ಗಂಡ ಬಿಟ್ಟು ಹೋಗಿದ್ದು ಒಂದು ಹಳೇ ಟೆಂಪೋ. ಅದಕ್ಕೆ ಸೊಪ್ಪು ತುಂಬಿ, ತಾನೇ ಓಡಿಸ್ಕೊಂಡು, ಬೀದಿ ಬೀದಿ ಮಾರೋಳು. ಪೋಂ ಪೋಂ ಅಂತ ಹಾರ್ನು ಕೂಗಿದ್ರೆ ಸಾಕು, ಹೆಂಗಸ್ರು ಮೊರ ಹಿಡ್ಕೊಂಡು ಬಾಗಿಲಿಗೆ ಬರೋರು. ಒಂದಿನ ಬೆಳಿಗ್ಗೆ ಬಟನ್ ಒತ್ತಿದ್ಳು. ಹಾರ್ನು ಕುಯ್ ಅನ್ನಲಿಲ್ಲ, ಕಯ್ ಅನ್ನಲಿಲ್ಲ! "ಸೊಪ್ಪೋ, ಸೊಪ್ಪು" ಅಂತ ಕೂಗಿ ಕೂಗಿ ಗಂಟಲು ಕಟ್ಟಿತು. ಅಷ್ಟೊತ್ತಿಗೆ ಯಾವನೋ ಮೈಕಿನವನು ಹೊಸ ಗಾಡೀಲಿ ಬಂದು ಅವಳ ಬೀದಿಗಳಲ್ಲೆಲ್ಲ ಸೊಪ್ಪು ಮಾರ್ಕೊಂಡು ಹೋದ. ಇವಳ ಸೊಪ್ಪು ಬಾಡಿ ಎಮ್ಮೆ ಪಾಲಾಯ್ತು.

"ನಾಳೇನೂ ಹಾರ್ನು ಕೂಗ್ಲಿಲ್ಲ ಅಂದ್ರೆ ನಮ್ಮ ಗಿರಾಕಿ ಎಲ್ಲ ಅವನ ಪಾಲು ಕಣೋ! ಓಡು, ದಸ್ತಗೀರ್ ಮಾಮನ್ನ ಕೇಳ್ಕೊಂಡು ಬಾ!"

ದಸ್ತಗೀರ್ ಸಾಬ್ರು ಮೆಕ್ಯಾನಿಕ್ಕು. ಪಾಪ, ಕಾಲು ಮುರ್ಕೊಂಡು, ಊರಾಚೆ ಗ್ಯಾರೇಜಲ್ಲೇ ಮಂಚದ ಮೇಲೆ ಬಿದ್ದಿದ್ರು. "ಮೊದಲು ಫ್ಯೂಸು ತೆಗೆದು ನೋಡೋ" ಅಂದ್ರು.

ಮಾಳಿಂಗ ಬಂದ, ಫ್ಯೂಸು ತೆಗೆದ, ನೋಡಿದ. ನೋಡಿದ, ನೋಡಿದ, ನೋಡ್ತಾನೇ ಕೂತ. ಬಿಸಿಲು ನೆತ್ತಿಗೆ ಬಂತು.

"ಏನ್ ಮಾಡ್ತಿದ್ದೀಯೋ?"

"ನೋಡ್ತಾ ಇದೀನಿ ಅವ್ವ!"

"ಅಯ್ಯೋ ಮಂಕೇ! ಒಳಗಿಂದ ತೆಗೆದಿದ್ದನ್ನ ಚೆನ್ನಾಗಿ ಒರೆಸಿ, ಇದ್ದ ಜಾಗಕ್ಕೇ ಇಡ್ಬೇಕು!"

"ಮೊದಲೇ ಹೇಳಬಾರದಾ ಅವ್ವ! ಇನ್ಮೇಲೆ ಹಂಗೇ ಮಾಡ್ತೀನಿ."

ಫ್ಯೂಸು ಸರಿಯಾಗೇ ಇತ್ತು. ಹಾರ್ನು ಮಾತ್ರ ಕೂಗಲಿಲ್ಲ. ಮತ್ತೆ ಓಡಿದ. "ಹಾರ್ನಿನ ಬಾಯೊಳಗೆ ಕಸ ತುಂಬಿದ್ಯೇನೋ ನೋಡು" ಅಂದ್ರು ಸಾಬ್ರು. ಬಂದು ನೋಡ್ತಾನೆ, ಒಳಗೊಂದು ಸುಂಡಿಲಿ ಗೂಡು ಕಟ್ಕೊಂಡು ಕೂತಿದೆ! ಬಾಲ ಹಿಡಿದು ತೆಗೆದ. ಅವ್ವ ಹೇಳಿದ್ದು ನೆನಪಾಯ್ತು. ಟವೆಲ್ಲಿಂದ ಅದರ ಮುಖ ಒರೆಸಿದ, ಮೀಸೆ ಒರೆಸಿದ, ಇದ್ದ ಜಾಗಕ್ಕೇ ಇಟ್ಟ.

ಕೆಂಚಮ್ಮಂಗೆ ಗಂಟಲು ಕಟ್ಟಿದ್ದಕ್ಕೆ ಕಿರುಚೋಕೂ ಆಗ್ಲಿಲ್ಲ. "ನಿನ್ನ ಮಕಕ್ಕಿಷ್ಟು! ಇಲಿಗೆ ಸ್ನಾನ ಮಾಡಿಸ್ತೀಯೇನೋ? ಗಾಡೀಲಿ ಬೇಡದ್ದು ಸಿಕ್ಕಿದ್ರೆ ಊರಾಚೆ ಬಿಸಾಕಿ ಬರ್ಬೇಕು!"

"ಮೊದಲೇ ಹೇಳಬಾರದಾ ಅವ್ವ! ಇನ್ಮೇಲೆ ಹಂಗೇ ಮಾಡ್ತೀನಿ."

ಇಲಿ ಓಡಿತು, ಗೂಡು ಹೋಯ್ತು, ಹಾರ್ನು ಮಾತ್ರ ಕೂಗಲಿಲ್ಲ. "ಇಲಿ ಇತ್ತಾ? ಹಂಗಾದ್ರೆ ವೈರು ಕಡಿದಿರುತ್ತೆ, ಎಲ್ಲಿ ಅಂತ ಹುಡುಕು" ಅಂದ್ರು ಸಾಬ್ರು. ಹುಡುಕಿದ. ಸಿಕ್ಕಿತು. ಇಲಿ ಕಡಿದ ವೈರು ಯಾರಿಗೆ ಬೇಕು? ಸೊಪ್ಪು ಕೊಯ್ಯೋ ಕುಡುಗೋಲಲ್ಲಿ ಆ ತುಂಡು ಕತ್ತರಿಸಿದ, ಊರಾಚೆ ಕೆರೆಗೆ ಬಿಸಾಕಿದ, ಹಂಗೇ ಹೋಗಿ ಸಾಬ್ರಿಗೆ ಹೇಳಿದ.

ಸಾಬ್ರು ಕಾಲು ಮುರಿದಿದ್ದೂ ಮರೆತು ಮಂಚದಿಂದ ಎದ್ದರು, ಮತ್ತೆ "ಯಾ ಅಲ್ಲಾ!" ಅಂತ ಬಿದ್ದರು. "ಬಿಸಾಕೋದಲ್ಲೋ! ಎರಡು ತುದಿ ಕಂಡ್ರೆ ಸೇರಿಸಿ, ತಿರುಚಿ, ಮೇಲೆ ಟೇಪು ಸುತ್ತಬೇಕು! ತಗೋ ಹೊಸ ವೈರು, ತಗೋ ಟೇಪು!"

"ಮೊದಲೇ ಹೇಳಬಾರದಾ ಮಾಮ! ಇನ್ಮೇಲೆ ಹಂಗೇ ಮಾಡ್ತೀನಿ."

ಮನೆಗೆ ಬಂದ. ಅಂಗಳದಲ್ಲಿ ಎಮ್ಮೆ, ಪಕ್ಕದಲ್ಲಿ ಕರು. ಎಮ್ಮೆ ಬಾಲದ ತುದಿ ಒಂದು, ಕರುವಿನ ಬಾಲದ ತುದಿ ಇನ್ನೊಂದು. ಎರಡು ತುದಿ! ಸೇರಿಸಿದ, ತಿರುಚಿದ, ಟೇಪು ಸುತ್ತಿದ. ಕರುವನ್ನ ನೆಕ್ಕೋಣ ಅಂತ ಎಮ್ಮೆ ತಿರುಗ್ತು, ಹಾಲು ಕುಡಿಯೋಣ ಅಂತ ಕರು ತಿರುಗ್ತು, ಎರಡೂ ಗಾಣದ ಹಂಗೆ ಸುತ್ತಿದ್ದೇ ಸುತ್ತಿದ್ದು!

ಕೆಂಚಮ್ಮ ಬೈಯಲಿಲ್ಲ. ಬೈದು ಬೈದು ಅವಳಿಗೂ ಸಾಕಾಗಿತ್ತು. "ವೈರಿಗೆ ಸುತ್ತೋ ಟೇಪು ತಾನೇ ಇದು? ಮಾಮ ಏನಂದ್ರೋ, ಇದ್ದ ಹಂಗೇ ಹೇಳು" ಅಂದ್ಳು. ಮಾಳಿಂಗ ಒಂದಕ್ಷರ ಬಿಡದೆ ಒಪ್ಪಿಸ್ದ. ಕೆಂಚಮ್ಮ ಬಾಲಗಳ ಗಂಟು ಬಿಡಿಸಿ, ಮಿಕ್ಕ ಟೇಪು ತಗೊಂಡು, ಟೆಂಪೋ ಕೆಳಗೆ ತೂರಿ, ಹೊಸ ವೈರನ್ನ ಎರಡೂ ಕಡೆ ತಾನೇ ಸೇರಿಸಿ, ತಿರುಚಿ, ಸುತ್ತಿದ್ಳು. ಎದ್ದು ಬಂದು ಬಟನ್ ಒತ್ತಿದ್ಳು.

ಪೋಂಂಂ!

ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ತೇ ಬಿಟ್ಟಳು. "ಸದ್ಯ! ಬದುಕಿದ್ವಿ ಕಣೋ ಮಗನೇ! ನಾಳೆ ಬಟನ್ ನೀನೇ ಒತ್ತು. ಹೆಂಗಸ್ರು ಬರೋ ತನಕ ಕೈ ತೆಗೀಬೇಡ."

ಬೆಳಗಾಯ್ತು. ಗಾಡಿ ಇನ್ನೂ ಅಂಗಳದಲ್ಲೇ ಇದೆ, ಕೆಂಚಮ್ಮ ಸೊಪ್ಪಿನ ಕಂತೆ ಕಟ್ತಾ ಇದಾಳೆ. ಇವನು ಹತ್ತಿ ಕೂತು ಬಟನ್ ಒತ್ತಿದ. ಪೋಂಂಂಂಂ! ಬಿಡಲೇ ಇಲ್ಲ!

"ಬೀದಿಗೆ ಹೋದ್ಮೇಲೆ ಒತ್ತೋದು ಕಣೋ!"

"ಹೆಂಗಸ್ರು ಇನ್ನೂ ಬಂದಿಲ್ಲ ಅವ್ವ!"

ಬಂದ್ರು ನೋಡಿ! ಬಾಯಲ್ಲಿ ಹಲ್ಲುಪುಡಿ ಇದ್ದೋರು, ಕೈಯಲ್ಲಿ ಪೊರಕೆ ಇದ್ದೋರು, ಸುತ್ತಲ ಬೀದಿಯೋರೆಲ್ಲ ಓಡಿ ಬಂದ್ರು. "ಯಾರಿಗೇನಾಯ್ತು ಕೆಂಚಮ್ಮಕ್ಕ?" ಯಾರಿಗೂ ಏನೂ ಆಗಿಲ್ಲ. ಮುಂದೆ ನೋಡಿದ್ರೆ ನೀರು ಸೋರೋ ದಂಟು, ಮೆಂತ್ಯ, ಸಬ್ಬಸಿಗೆ! ಬಂದಿದ್ದು ಬಂದ್ವಿ ಅಂತ ಸೆರಗಲ್ಲೇ ಕಟ್ಕೊಂಡು ಹೋದ್ರು. ಗಾಡಿ ಅಲುಗಾಡಲಿಲ್ಲ, ಸೊಪ್ಪು ಒಂದು ಕಡ್ಡಿ ಉಳೀಲಿಲ್ಲ! ಮೈಕಿನವನು ಆವತ್ತು ಬೀದಿನಾಯಿಗಳಿಗೆ ಕೂಗಿ ಹೇಳಿ ಹೋದ.

ಕೆಂಚಮ್ಮ ಮಗನ ದೃಷ್ಟಿ ತೆಗೆದು ನೆಟಿಗೆ ಮುರಿದಳು. "ನಮ್ಮ ಹಾರ್ನು ಹೆಂಗೆ ಕೂಗುತ್ತೆ ಅಂತ ಮಾಮನೂ ಕೇಳ್ಲಿ ಕಣೋ" ಅಂತ ಹೇಳಿ, ಮುಖ ತೊಳೆಯೋಕೆ ಒಳಗೆ ಹೋದ್ಳು. ಬಂದು ನೋಡ್ತಾಳೆ, ಮಗನೂ ಇಲ್ಲ, ಹಾರ್ನೂ ಇಲ್ಲ!

ಸ್ವಲ್ಪ ಹೊತ್ತಿಗೆ ಮಾಳಿಂಗ ಬಂದ. ಬಿಚ್ಚಿದ ಹಾರ್ನನ್ನ ಎದೆಗವಚಿಕೊಂಡಿದ್ದ, ಕತ್ತರಿಸಿದ ವೈರು ಜೋತಾಡ್ತಿತ್ತು.

"ಮಾಮ ಕೇಳಿಸ್ಕೊಂಡ್ರೇನೋ?"

"ಇಲ್ಲ ಅವ್ವ! ಮಂಚದ ಮೇಲೆ ಕೂರಿಸ್ದೆ, ಕೂಗು ಅಂದೆ, ಬೆನ್ನು ಸವರ್ದೆ. ಒಂದು ಮಾತಾಡ್ಲಿಲ್ಲ. ಮಾಮ ನಗೋಕೆ ಶುರು ಮಾಡಿದ್ರು ನೋಡು, ಪಾಪ, ಅದಕ್ಕೆ ನಾಚ್ಕೆ ಆಗೋಯ್ತು!"

ಕೆಂಚಮ್ಮ ನಕ್ಕೂ ನಕ್ಕೂ ಸೊಂಟಕ್ಕೆ ಸಿಕ್ಕಿಸಿದ್ದ ಟೇಪು ತೆಗೆದಳು.