ಸ್ಪೀಕರಿಗೆ ಬಂದ ಬೈಗುಳ

ಫಕ್ಕೀರಪ್ಪನ ಟ್ಯಾಕ್ಸಿಯಲ್ಲಿ ಹಾಡು ಹಚ್ಚಿದರೆ ಹಾಡಿನ ಜೊತೆಗೆ ಸೊಯ್ ಎನ್ನುವ ಸದ್ದೂ ಬರುತ್ತಿತ್ತು.

ಸ್ಟೀರಿಯೊ ಬಾಗಿಲಿನ ಸ್ಪೀಕರನ್ನು ಗದರಿಸಿತು: "ನನ್ನ ಹಾಡು ಕೆಡಿಸುತ್ತಿರುವುದು ನೀನೇ."

"ನನಗೆ ಬಂದದ್ದನ್ನೇ ನಾನು ಹೇಳುತ್ತೇನೆ," ಎಂದಿತು ಸ್ಪೀಕರು.

ಸ್ಟೀರಿಯೊದ ಹಿಂದೆ ಅರ್ಥಿಂಗ್ ತಂತಿಯೊಂದು ತುಕ್ಕು ಹಿಡಿದ ಸ್ಕ್ರೂವಿಗೆ ಸಡಿಲವಾಗಿ ಜೋತುಬಿದ್ದಿತ್ತು. ಸದ್ದು ತನ್ನಿಂದಲೇ ಎಂದು ಅದಕ್ಕೆ ಗೊತ್ತಿತ್ತು. ಆದರೂ ಸುಮ್ಮನಿತ್ತು.

ಕೊನೆಗೆ ಫಕ್ಕೀರಪ್ಪ ಟ್ಯಾಕ್ಸಿಯನ್ನು ಮೆಕ್ಯಾನಿಕ್ ದಾವಲಸಾಬನ ಬಳಿ ಒಯ್ದ. "ಸ್ಪೀಕರ್ ಕೆಟ್ಟೈತಿ ದಾವಲಣ್ಣ, ತಗದು ಒಗದುಬಿಡು."

ದಾವಲಸಾಬ ಹಾಡು ಹಚ್ಚಿಟ್ಟು ಸದ್ದು ಕೇಳಿದ. ಆಮೇಲೆ ಸ್ಪೀಕರಿನ ಮೂರು ಸ್ಕ್ರೂ ಬಿಚ್ಚಿದ. ನಾಲ್ಕನೆಯದಕ್ಕೆ ಕೈ ಹಾಕಿದಾಗ ತಂತಿಗೆ ತಡೆಯಲಾಗಲಿಲ್ಲ. "ತಪ್ಪು ನನ್ನದು," ಎನ್ನುತ್ತ ಅದು ಪೂರ್ತಿ ಕಳಚಿಕೊಂಡಿತು. ಸ್ಟೀರಿಯೊ ಬಂದ್ ಆಯಿತು.

"ಸ್ಪೀಕರ್ ಬಿಚ್ಚಿದ್ರ ಸ್ಟೀರಿಯೊ ಯಾಕ ಬಂದ್ ಆತು?" ಎನ್ನುತ್ತ ದಾವಲಸಾಬ ಸ್ಟೀರಿಯೊ ಹೊರಗೆಳೆದು ನೋಡಿದ. ತುಕ್ಕು ಉಜ್ಜಿ ತೆಗೆದು ತಂತಿಯನ್ನು ಬಿಗಿದ. ಹಾಡು ತಿಳಿಯಾಗಿ ಬಂತು. ಬಿಚ್ಚಿದ ಸ್ಕ್ರೂಗಳನ್ನು ಸ್ಪೀಕರಿಗೆ ಮತ್ತೆ ಕೂರಿಸಿದ.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಸ್ಪೀಕರು ತಂತಿಯನ್ನು ಕೇಳಿತು.

"ಬೈಗುಳ ನಿನಗೆ ಬೀಳುತ್ತಿತ್ತಲ್ಲ," ಎಂದಿತು ತಂತಿ.